ಪೆಟಗಿಗೆ ಕುಬಸ

ಹೊರಗರ್ಭ ಬಂದ ಹೊಸತರಲ್ಲಿ ವಿದ್ವಾಂಸರು ಅದರ ನೈತಿಕತೆಯ ಬಗ್ಗೆ ವಿಚಾರಸಂಕಿರಣ ಏರ್ಪಡಿಸಿದರು. ಮೂರನೆಯ ತಿಂಗಳಿಗೆ ಕೂಸನ್ನು ಒಡಲಿನಿಂದೆತ್ತಿ ಯಂತ್ರದೊಳಗಿಟ್ಟು ಬೆಳೆಸುವುದು ಸರಿಯೇ, ಹಾಗೆ ಬೆಳೆದದ್ದು ಹುಟ್ಟಿತು ಅನ್ನಬೇಕೋ ತಯಾರಾಯಿತು ಅನ್ನಬೇಕೋ ಎಂದು ಬಿಸಿಬಿಸಿ ಚರ್ಚೆ ಮಾಡಿ, ಊಟ ಮುಗಿಸಿ, ಪ್ರಯಾಣಭತ್ಯೆಯ ಅರ್ಜಿಗೆ ಸಹಿ ಹಾಕಿ ಮನೆಗೆ ಹೋದರು. ಧಾರವಾಡ ಸೀಮೆಯ ಹೆಂಗಸರು ಕೇಳಿದ್ದು ಒಂದೇ ಪ್ರಶ್ನೆ: ಹಾಗಾದರೆ ಕುಬಸ ಯಾರಿಗೆ ಮಾಡಬೇಕು?

ಪ್ರಶ್ನೆ ಚಿಲ್ಲರೆಯದಲ್ಲ. ಏಳನೆಯ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಆರತಿ ಎತ್ತಿ ಹಾಡು ಹೇಳದಿದ್ದರೆ ಕೂಸು ಈ ಲೋಕಕ್ಕೆ ಯಾವ ನೆಚ್ಚಿಗೆಯ ಮೇಲೆ ಬಂದೀತು? ಈಗ ನೋಡಿದರೆ ಬಸುರಿ ಚಪ್ಪಟೆ ಹೊಟ್ಟೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಬಸಿರು ಮಾತ್ರ ಪಡಸಾಲೆಯ ಮೂಲೆಯಲ್ಲಿ ಗುಂಯ್ ಅನ್ನುತ್ತ ಕೂತಿರುತ್ತದೆ. ಎರಡು ವರ್ಷ ಊರೂರಲ್ಲಿ ಜಗಳವಾಗಿ, ಕೊನೆಗೆ ಯಾರೂ ತೀರ್ಪು ಕೊಡದೆಯೇ ತೀರ್ಮಾನವಾಯಿತು. ಇಬ್ಬರಿಗೂ ಮಾಡುವುದು. ತಾಯಿಗೊಂದು ಮಣೆ, ಯಂತ್ರಕ್ಕೊಂದು ಮಣೆ. ತಾಯಿಗೊಂದು ಸೀರೆ, ಯಂತ್ರಕ್ಕೊಂದು ಸೀರೆ.

ಕಂಪನಿಯವರು ಯಂತ್ರಕ್ಕಿಟ್ಟ ಹೆಸರು 'ಒಡಲು'. ಜನ ಕರೆದದ್ದು ಪೆಟಗಿ. ಹೊಲಿಗೆ ಮಷಿನ್ನಿಗಿಂತ ಎತ್ತರ, ತಿಜೋರಿಗಿಂತ ಗಿಡ್ಡ. ಮೊದಮೊದಲು ಅವನ್ನು ಆಸ್ಪತ್ರೆಯ ದೊಡ್ಡ ಹಾಲಿನಲ್ಲಿ ಸಾಲಾಗಿ ಇಡುತ್ತಿದ್ದರು. ಅಜ್ಜಿಯಂದಿರು ಹಾಸಿಗೆ, ಚಹದ ಡಬ್ಬಿ, ಸ್ಟೋವು ಸಮೇತ ಬಂದು ಪೆಟಗಿಗೊಬ್ಬರಂತೆ ಬೀಡುಬಿಟ್ಟ ಮೇಲೆ ಆಸ್ಪತ್ರೆಯವರು ಕೈಮುಗಿದು, "ಮನೀಗೇ ಒಯ್ಯಿರಿ" ಅಂದರು. ಹೀಗೆ ಜಗತ್ತಿನ ಅತಿ ಸೂಕ್ಷ್ಮ ಯಂತ್ರವೊಂದು ಕರ್ನಾಟಕದ ಅತಿ ಒರಟು ಕರೆಂಟಿಗೆ ಬಂದು ಸಿಕ್ಕಿತು.

ಆ ಕರೆಂಟನ್ನು ಪಳಗಿಸುವುದು ಹುಬ್ಬಳ್ಳಿಯ ಪ್ರಯೋಗಶಾಲೆಯಲ್ಲಿ ಮಹಾನಂದಾ ಬಡಿಗೇರಳ ಕೆಲಸ. ಪೆಟಗಿಯ ಪವರ್ ಸಪ್ಲೈ ಅವಳದು. ಗೋಡೆಯ ಪ್ಲಗ್ಗಿನಿಂದ ಬಂದದ್ದನ್ನು ಕ್ಷಣಕ್ಕೆ ಸಾವಿರಾರು ಸಲ ಕತ್ತರಿಸಿ, ಅಳೆದು, ಪಂಪಿಗೂ ಹೀಟರಿಗೂ ಹದವಾಗಿ ಬಡಿಸುವ ಅಂಗೈಯಷ್ಟಗಲದ ಫಲಕ. ಅವಳ ಕೆಲಸವೇನೆಂದು ಮನೆಯಲ್ಲಿ ಕೇಳಿದವರಿಗೆ, "ಬಾಗಿಲ ಕಾಯ್ತೀನಿ" ಅನ್ನುತ್ತಿದ್ದಳು. ಅದು ಹೆಚ್ಚುಕಡಿಮೆ ನಿಜ. ಒಳಬರುವ ದಾರಿಯಲ್ಲಿ ಮೊದಲು ಫ್ಯೂಸು. ಅದರ ಹಿಂದೆ ವೇರಿಸ್ಟರ್ ಎಂಬ ನೀಲಿ ಬಿಲ್ಲೆ. ಸಿಡಿಲಿನ ಹೊಡೆತ ಬಂದರೆ ತಾನು ಕುಡಿದು ಒಳಗಿನವರನ್ನು ಉಳಿಸುವಂಥದು. ಅದರಾಚೆಗೆ, ವೋಲ್ಟೇಜು ಮುನ್ನೂರು ದಾಟಿದರೆ ಬಾಗಿಲು ಹಾಕಿಕೊಂಡು ಬ್ಯಾಟರಿಗೆ ಹೊಣೆ ಒಪ್ಪಿಸುವ ಕಾವಲು. ಇವೆಲ್ಲ ಆದ ಮೇಲೆ, ಒಳಮನೆಯ ಯಜಮಾನನಂತೆ ದುಂಡಗೆ ನಿಂತ ಕೆಪಾಸಿಟರು.

ಕೆಪಾಸಿಟರೆಂದರೆ ಮಾಳಿಗೆಯ ಮೇಲಿನ ನೀರಿನ ಟಾಕಿ ಇದ್ದಂತೆ. ನಳದ ನೀರು ಎದ್ದುಬಿದ್ದು ಬಂದರೂ ಕೆಳಗಿನ ನಲ್ಲಿಗೆ ಸಮನಾಗಿ ಇಳಿಯುವುದು ಟಾಕಿಯ ಪುಣ್ಯದಿಂದ. ಕರೆಂಟು ಕಣ್ಣು ಮಿಟುಕಿಸಿದಾಗ ಆ ಮಿಟುಕಿನಷ್ಟು ಹೊತ್ತು ಯಂತ್ರವನ್ನು ನಡೆಸುವುದೂ ಅದೇ. ಒಂದೇ ಕೊರತೆ. ಅದರ ಹೊಟ್ಟೆಯಲ್ಲಿ ದ್ರವವಿದೆ, ದ್ರವ ಸೆಕೆಗೆ ಆರುತ್ತದೆ. ಶಾಖ ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕಿಳಿಯುತ್ತದೆ, ಇನ್ನೂ ಹತ್ತು ಏರಿದರೆ ಅರ್ಧದ ಅರ್ಧಕ್ಕೆ. ತಾಳಿಕೆಯ ಅಂಚು ಮೀರಿ ಕಾದರೆ ತಲೆ ಉಬ್ಬಿ, ನೆತ್ತಿಯ ಗೀರು ಬಿರಿದು, ಉಸಿರು ಬಿಟ್ಟುಬಿಡುತ್ತದೆ.

ಯಂತ್ರದ ಮೂಲ ನಕ್ಷೆ ಬಂದದ್ದು ಯುರೋಪಿನಿಂದ. ಅದರಲ್ಲಿದ್ದದ್ದು ನಾನೂರು ವೋಲ್ಟ್ ತಾಳಿಕೆಯ ಕೆಪಾಸಿಟರು. ಅಲ್ಲಿ ಅದು ಸಾಕು. ಮಹಾನಂದಾ ಅದನ್ನು ನಾನೂರೈವತ್ತಕ್ಕೆ ಏರಿಸಬೇಕೆಂದು ಹಿಡಿದ ಹಟಕ್ಕೆ ಪ್ರಯೋಗಶಾಲೆಯ ಮುಖ್ಯಸ್ಥ ಅನಂತ ಕಟ್ಟಿಯವರ ತಲೆ ಚಿಟ್ಟು ಹಿಡಿದಿತ್ತು.

"ಅಲ್ಲವಾ, ಅದು ಒಂದು ಬೆರಳು ಎತ್ತರ ಆಗ್ತದ. ಡಬ್ಬಿ ಬದಲ ಮಾಡ್ಬೇಕು, ಅಚ್ಚು ಬದಲ ಮಾಡ್ಬೇಕು. ಒಂದ್ ಕೆಪಾಸಿಟರ್ ಸಲುವಾಗಿ ಇಡೀ ಮನೀನ ಕೆಡವು ಅಂತಿಯಲ್ಲ ನೀ."

"ಸರ್, ನಮ್ಮ ಕಡಿ ಎಲ್ಲಾರ ಒಂದು ನ್ಯೂಟ್ರಲ್ ತಂತಿ ಕಡದ್ರ ಓಣಿ ಓಣಿಗೇ ನಾನೂರು ವೋಲ್ಟ್ ಬರತೈತಿ. ಕಾವಲು ಬಾಗಲಾ ಹಾಕ್ಕೊಳ್ಳೂದ್ರಾಗ ಅದರ ಹೊಡತಾ ಒಳಗ ಮುಟ್ಟತೈತಿ. ಯುರೋಪಿನ್ಯಾಗ ಹಂಗ ತಂತಿ ಮ್ಯಾಲೆ ಮಂಗ್ಯಾ ಜೋಕಾಲಿ ಆಡೂದಿಲ್ರಿ."

ಕಟ್ಟಿಯವರು ನಕ್ಕರು. ಅವರು ನಕ್ಕರೆ ಅರ್ಧ ಒಪ್ಪಿದರೆಂದೇ ಅರ್ಥ.

ಉಳಿದರ್ಧ ಒಪ್ಪಿಗೆ ಸಿಕ್ಕಿದ್ದು ತಿಂಗಳ ಸಭೆಯಲ್ಲಿ. ಅಂದು ಚರ್ಚೆಗಿದ್ದದ್ದು ಎರಡು ವಿಷಯ. ಮೊದಲನೆಯದು ಕೆಪಾಸಿಟರು. ಮಹಾನಂದಾ ಸುಟ್ಟ ಫಲಕಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದನ್ನೂ ಕೈಗೆ ಕೊಟ್ಟು ಮೂಸಿಸಿದಳು. ಸುಟ್ಟ ಮೀನಿನಂಥ ಆ ವಾಸನೆಗೆ ಸಭೆ ಬೇಗ ಒಪ್ಪಿತು. ಎರಡನೆಯದು ಬೆಂಗಳೂರಿನಿಂದ ಬಂದಿದ್ದ ಪ್ರಚಾರ ವಿಭಾಗದ ಹರ್ಷಿಣಿಯದು.

"ಯಂತ್ರ ಬಿಸಿಯಾದ್ರೆ ಕಿರ್ರ್ ಅಂತ ಕಿರುಚತ್ತಲ್ಲ ಸಾರ್, ಅದರ ಬಗ್ಗೆ ತುಂಬಾ ದೂರು ಬಂದಿದೆ. ಮಗು ಹೆದರ್ಕೊಳ್ಳತ್ತೆ ಅಂತಾರೆ. ಕೆಲವರು ದಿಂಬು ಒತ್ತಿ ಸದ್ದು ಅಡಗಿಸ್ತಿದಾರೆ. ಅದಕ್ಕೇ ನಾವೊಂದು ಜೋಗುಳ ಮಾಡ್ಸಿದೀವಿ. ಮೊದಲು ಮೆತ್ತಗೆ ಶುರುವಾಗತ್ತೆ, ಬಿಸಿ ಜಾಸ್ತಿ ಆದಹಾಗೆ ದನಿ ಜಾಸ್ತಿ ಆಗತ್ತೆ. ಕೈಪಿಡಿಯಲ್ಲಿ ಸ್ಪಷ್ಟವಾಗಿ ಹಾಕ್ತೀವಿ."

ಜೋಗುಳವನ್ನು ಕೇಳಿಸಿದಳು. ಚೆನ್ನಾಗಿತ್ತು. ದಿಂಬಿನ ಮಾತೂ ನಿಜವೇ ಆಗಿತ್ತು. ಕಟ್ಟಿಯವರ ಕಣ್ಣೇ ಒದ್ದೆಯಾಯಿತು. ಅವರಿಗೆ ಮೊಮ್ಮಗಳು ಹುಟ್ಟಿ ಹೆಚ್ಚು ದಿನವಾಗಿರಲಿಲ್ಲ. "ಯಾರರ ಅಡ್ಡಿ?" ಅಂದರು. ಮಹಾನಂದಾ ತಲೆ ತಗ್ಗಿಸಿ, ಹೊಸ ಕೆಪಾಸಿಟರು ಡಬ್ಬಿಯೊಳಗೆ ಎಷ್ಟು ಕಾದೀತೆಂದು ಲೆಕ್ಕ ಹಾಕುತ್ತಿದ್ದಳು. ಗೆದ್ದವರು ಉದಾರಿಗಳಾಗಿರುತ್ತಾರೆ. ತಲೆ ಎತ್ತದೆಯೇ ಕೈ ಎತ್ತಿದಳು, ಒಪ್ಪಿಗೆಯ ಪರವಾಗಿ.

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಬೇಸಿಗೆಯ ನಲವತ್ತೈದು ಡಿಗ್ರಿಯಲ್ಲಿ, ಸುತ್ತಲೂ ಗಾಳಿಯಾಡುವ ಕೋಣೆಯಲ್ಲಿ, ಆ ಕೆಪಾಸಿಟರು ಹತ್ತಾರು ಕೂಸುಗಳನ್ನು ದಾಟಿಸುವಷ್ಟು ಗಟ್ಟಿ. ತಂತಿಯ ದಾರಿಯಲ್ಲಿ ಬರಬಹುದಾದ ಯಾವ ಶತ್ರುವೂ ಅವಳ ಕಾವಲು ದಾಟುವಂತಿರಲಿಲ್ಲ.

ಆ ವರ್ಷವೇ ಅವಳ ತಂಗಿ ಶಿವಲೀಲಾಳ ಮನೆಗೂ ಪೆಟಗಿ ಬಂತು. ಶಿವಲೀಲಾಳನ್ನು ಮಲಪ್ರಭೆಯ ದಂಡೆಯ ಒಂದು ಕಬ್ಬಿನ ಊರಿಗೆ ಕೊಟ್ಟಿದ್ದರು. ಎರಡು ಸಲ ಬಸಿರು ಹೊಟ್ಟೆಯಲ್ಲೇ ನಿಲ್ಲದೆ ಹೋಗಿತ್ತು. ಮೂರನೆಯದನ್ನು ಡಾಕ್ಟರು ತೆಗೆದು ಪೆಟಗಿಗೆ ಹಾಕಿದರು. ಇದೂ ಹೋದರೆ ನಾಲ್ಕನೆಯದರ ಮಾತೇ ಇಲ್ಲ ಎಂದೂ ಹೇಳಿದ್ದರು.

"ಅಕ್ಕಾ, ನೀ ಮಾಡಿದ್ದಂತ ಇದು," ಎಂದು ಶಿವಲೀಲಾ ಫೋನಿನಲ್ಲಿ ಹಿಗ್ಗಿದ್ದಳು. "ನಮ್ಮತ್ತಿ ಊರ ತುಂಬ ಹೇಳ್ಕೊಂತ ತಿರಗ್ಯಾಡಾಕ್ಹತ್ತಾಳ. ನಮ್ಮ ಸೊಸೀ ಅಕ್ಕನ ಪೆಟಗಿ, ಕೂಸು ದೊಡ್ಡವ್ವನ ಮನ್ಯಾಗ ಇದ್ದಂಗ, ಅಂತ."

"ಪೆಟಗಿ ಎಲ್ಲಾ ನಂದಲ್ಲವಾ. ನಂದು ಬಾಗಿಲ ಅಷ್ಟ."

"ಬಾಗಿಲ ಗಟ್ಟಿ ಐತೋ ಇಲ್ಲೋ?"

"ಸಿಡಲು ಬಡದ್ರೂ ಏನಾಗೂದಿಲ್ಲ."

ಕುಬಸದ ದಿನ ಮಹಾನಂದಾ ಆ ಊರು ಮುಟ್ಟಿದಾಗ ಬಿಸಿಲು ಏರಿತ್ತು. ಮುಹೂರ್ತ ಮುಂಜಾನೆಯೇ ಇತ್ತು, ಅವಳಿಗೆ ರಜೆ ಸಿಕ್ಕಿದ್ದು ತಡವಾಗಿ. ಅಂಗಳದಲ್ಲಿ ಚಪ್ಪಲಿಗಳ ರಾಶಿ, ಒಳಗಿನಿಂದ ಹೋಳಿಗೆಯ ಘಮ. ಚಪ್ಪಲಿ ಬಿಡುತ್ತಿರುವಾಗ ಹಾಡು ಕೇಳಿಸಿತು. ಇಪ್ಪತ್ತು ಮೂವತ್ತು ಹೆಂಗಸರು ಒಟ್ಟಾಗಿ ಹಾಡುತ್ತಿದ್ದರು. ಆ ಎಲ್ಲ ದನಿಗಳ ಅಡಿಯಿಂದ ಇನ್ನೊಂದು ದನಿ, ತಪ್ಪಿಲ್ಲದ ಶ್ರುತಿಯಲ್ಲಿ, ಸಭೆಯಲ್ಲಿ ಕಟ್ಟಿಯವರ ಕಣ್ಣು ತೋಯಿಸಿದ್ದ ಅದೇ ದನಿ, ಕಟ್ಟಕಡೆಯ ಎತ್ತರದಲ್ಲಿ.

ಅವಳು ಒಂದು ಚಪ್ಪಲಿ ಕಾಲಲ್ಲಿರುವಂತೆಯೇ ಒಳನುಗ್ಗಿದಳು.

ಪಡಸಾಲೆಯ ನಡುವೆ ಎರಡು ಮಣೆ. ಒಂದರ ಮೇಲೆ ಹಸಿರು ಸೀರೆಯುಟ್ಟು ನಾಚಿಕೊಂಡು ಕೂತ ಶಿವಲೀಲಾ. ಇನ್ನೊಂದರ ಮೇಲೆ ಹಸಿರು ಇಳಕಲ್ ಸೀರೆಯನ್ನು ಸುತ್ತು ಸುತ್ತಾಗಿ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಕೊರಳಿಗೆ ಮಲ್ಲಿಗೆ ದಂಡೆ ಹಾಕಿಕೊಂಡ ಪೆಟಗಿ. ಗಾಳಿಯಾಡುವ ಜಾಲರಿಯ ಮೇಲೆ ಸರಿಯಾಗಿ ನಿರಿಗೆ ಬಂದಿತ್ತು. ನಿರಿಗೆ ಬಹಳ ಚೆಂದ ಬಂದಿತ್ತು.

"ಬಾರವಾ, ಇಂಜಿನೇರಿ ಬಂದ್ಲು ನೋಡ್ರೇ!" ಶಿವಲೀಲಾಳ ಅತ್ತೆ ಬಾಳವ್ವ ಆರತಿಯ ತಟ್ಟೆ ಹಿಡಿದೇ ಕೂಗಿದಳು. "ನಿನ್ನ ಪೆಟಗಿ ಜಾಣ ಐತೆವಾ! ಸೀರಿ ಉಡಿಸಿ ಒಂದ್ ತಾಸ್ ಆಗಿರಬೇಕು, ತಾನಾಗೇ ಹಾಡಾಕ ಸುರು ಮಾಡ್ತು. ಮೊದಲ ಸಣ್ಣಗ ಅಂತಿತ್ತು. ನಾವು ದನಿಗೂಡಿಸಿದ್ವಿ ನೋಡು, ಅದಕ್ಕೂ ಹುರುಪು ಬಂತು."

"ಯವ್ವಾ, ಸರೀರಿ."

"ಆರತಿ ಆಗಲಿ ತಡಿ..."

ಮಹಾನಂದಾ ತಡೆಯಲಿಲ್ಲ. ಸೆರಗು ಹಿಡಿದು ಸೆಳೆದಳು. ಮಲ್ಲಿಗೆ ದಂಡೆ ಹರಿಯಿತು. ಉಡಿಗೆ ತುಂಬಿದ್ದ ಕೊಬ್ಬರಿ, ಉತ್ತತ್ತಿ, ಅಕ್ಕಿ ಪಡಸಾಲೆಯ ತುಂಬ ಚೆಲ್ಲಿದವು. ಸುತ್ತು ಬಿಚ್ಚಿದಷ್ಟೂ ಸೀರೆ ಬರುತ್ತಲೇ ಇತ್ತು. ಹೆಂಗಸರ ಹಾಡು ಮೊದಲು ನಿಂತಿತು. ಜಾಲರಿಗೆ ಗಾಳಿ ತಾಗಿ ಸ್ವಲ್ಪ ಹೊತ್ತಿಗೆ ಪೆಟಗಿಯ ದನಿ ಇಳಿಯಿತು, ಇಳಿದು ನಿಂತಿತು. ಯಾರೋ ಹಿಂದಿನಿಂದ, "ಉಟ್ಟ ಸೀರಿ ಸೆಳದ್ಲಲ್ಲೇ ನಮ್ಮವ್ವಾ," ಅಂದರು.

ಮಹಾನಂದಾ ಜಾಲರಿಗೆ ಮೂಗು ಹಚ್ಚಿದಳು. ಸುಟ್ಟ ಮೀನಿನ ವಾಸನೆ, ತೆಳ್ಳಗೆ.

"ಶಿವೀ, ಇದನ್ನ ಈಗಿಂದೀಗ ಬದಲ ಮಾಡಬೇಕು. ಹುಬ್ಬಳ್ಳಿಯಿಂದ ಹೊಸಾದು ತರಸ್ತೀನಿ, ನರ್ಸ್ ಬಂದು ಕೂಸಿನ್ನ ಅದಕ್ಕ ದಾಟಸ್ತಾರ. ಮನಿಯವರ ಒಪ್ಪಿಗಿ ಇಲ್ಲದ ಗಾಡಿ ಬಿಡೂದಿಲ್ಲ ಅವ್ರು. ನೀ ಹೂಂ ಅನ್ನು."

"ಅಕ್ಕಾ, ದೀಪಾ ಹಸರ ಐತಲ್ಲ?"

ಪೆಟಗಿಯ ಹಣೆಯ ಮೇಲಿನ ಪುಟ್ಟ ದೀಪ ಹಸಿರೇ ಇತ್ತು. ಸದ್ಯಕ್ಕೆ ಎಲ್ಲ ಸರಿಯಿದೆ ಎಂಬುದನ್ನಷ್ಟೇ ಹೇಳಲು ಅದಕ್ಕೆ ಗೊತ್ತು. ಮಹಾನಂದಾ ಹೇಳಿದಳು: ಒಳಗಿನ ಟಾಕಿ ಒಣಗಿದೆ, ಕರೆಂಟು ನೆಟ್ಟಗೆ ಬರುವವರೆಗೆ ನಡೆಯುತ್ತದೆ, ಒಂದು ಸಲ ಕುಸಿದರೆ ಹಿಡಿದಿಡಲು ಏನೂ ಇಲ್ಲ, ಕರೆಂಟು ಮರಳಿದರೂ ಪೆಟಗಿ ಮತ್ತೆ ಏಳುವುದಿಲ್ಲ. ಪವರ್ ಸಪ್ಲೈ ಕಾದಾಗ ತಾನು ಅರ್ಧ ದುಡಿದು ಉಳಿದರ್ಧವನ್ನು ಬ್ಯಾಟರಿಯಿಂದ ಎಳೆದಿದೆ, ಹಾಗಾಗಿ ಬ್ಯಾಟರಿಯೂ ಬರಿದು.

ಶಿವಲೀಲಾಳ ಗಂಡ ಮಡಿವಾಳಪ್ಪ ತಲೆ ಕೆರೆದುಕೊಂಡ. ಊರ ಕಡೆ ಕೆಪಾಸಿಟರಿಗೆ ಕಂಡೆನ್ಸರ್ ಎಂದೇ ಹೆಸರು. "ಕಂಡೆನ್ಸರ್ ಹೋಗೈತಿ ಅಂತೀರಿ. ಫ್ಯಾನಿಂದು ಹ್ವಾದ್ರ ನಾವಾ ಅಂಗಡ್ಯಾಗಿಂದ ತಂದು ಹಾಕ್ತೀವಲ್ರೀ ಅಕ್ಕಾರ?"

"ಫ್ಯಾನಿನ್ಯಾಗ ಕೂಸು ಇರೂದಿಲ್ಲ, ಮಡಿವಾಳಪ್ಪ."

ಬಾಳವ್ವ ಚೆಲ್ಲಿದ ಅಕ್ಕಿಯನ್ನು ಅಂಗೈಯಲ್ಲಿ ಬಳಿದು ಒಟ್ಟುಮಾಡುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಉಡಿ ತುಂಬಿದ ದಿನಾ ಉಡಿ ಬರಿದ ಮಾಡಬಾರದು. ಈ ಪೆಟಗಿಯಿಂದ ಕೂಸು ತಗದು ಆ ಪೆಟಗಿಗೆ ಹಾಕೂದಂದ್ರ ಬರಿದ ಮಾಡೂದ ಅಲ್ಲೇನು? ಸೀರಿ ಅಂತೂ ಸೆಳದಿ. ಅಷ್ಟ ಸಾಕು ತಂಗೀ ಇವತ್ತಿಗೆ. ನಾಳಿ ಮುಂಜಾನೆ ತರಸು, ಯಾರ ಬ್ಯಾಡ ಅಂತಾರ."

ಅವಳು ಜಗಳಗಂಟಿಯಲ್ಲ. ಎರಡು ಸಲ ಸೊಸೆಯ ಬಾಣಂತನಕ್ಕೆಂದು ಹೊಲಿಸಿಟ್ಟ, ಕೂಸಿನ ತಲೆಗೆ ಕಟ್ಟುವ ಕುಂಚಿಗಿಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿದವಳು. ಮೂರನೆಯ ಸಲ ಎಲ್ಲವನ್ನೂ ಪದ್ಧತಿ ಪ್ರಕಾರ ಮಾಡಬೇಕೆಂದು ಪಣ ತೊಟ್ಟಿದ್ದಳು.

ಮಹಾನಂದಾ ತಂಗಿಯ ಮುಖ ನೋಡಿದಳು. ಶಿವಲೀಲಾ ಹಸಿರು ದೀಪವನ್ನು ನೋಡಿದಳು, ಅತ್ತೆಯ ಕೈಯೊಳಗಿನ ಅಕ್ಕಿ ನೋಡಿದಳು. "ನಾಳೆ ಮುಂಜಾನೆ, ಅಕ್ಕಾ," ಅಂದಳು.

ಮರುದಿನ ಮುಂಜಾನೆಯವರೆಗೆ ದಾಟಿಸುವುದಷ್ಟೇ ಉಳಿದಿತ್ತು. ಮಹಾನಂದಾ ಮಡಿವಾಳಪ್ಪನನ್ನು ಅಂಗಳಕ್ಕೆ ಕರೆದಳು. ಮಧ್ಯಾಹ್ನ ತ್ರೀಫೇಸ್ ಕರೆಂಟು ಬಂದಾಗ ಏನಾಗುತ್ತದೆಂದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಕಬ್ಬಿಗೆ ನೀರೆತ್ತುವ ಊರಿನ ಒಂದೊಂದು ಮೋಟರಿಗೂ ಆಟೋ ಸ್ಟಾರ್ಟರ್ ಇದೆ. ಕರೆಂಟು ಬಂದ ಕ್ಷಣ ಇಡೀ ದಂಡೆಯ ಮೋಟರುಗಳು ಒಟ್ಟಿಗೆ ಏಳುತ್ತವೆ, ಮನೆಮನೆಯ ದೀಪಗಳು ಕೆಂಪಗಾಗಿ ಕುಗ್ಗಿ ಮತ್ತೆ ಬೆಳಗುತ್ತವೆ. ಊರವರು ಆ ಮಿಟುಕಿನಿಂದಲೇ ಮಧ್ಯಾಹ್ನವಾಯಿತೆಂದು ತಿಳಿಯುತ್ತಾರೆ.

"ಇವತ್ತೊಂದಿನ ಮೋಟರ್ ಬಂದ್ ಇಡ್ರಿ ಅಂತ ಹೇಳು ಎಲ್ಲಾರಿಗೂ."

ಮಡಿವಾಳಪ್ಪ ಫೋನು ಹಿಡಿದು ಕಟ್ಟೆಯ ಮೇಲೆ ಕೂತ. ಊರಿನವರು ಒಳ್ಳೆಯವರು. "ಹೌದೇನ್ರಿ? ಕೂಸಿನ ಸಲುವಾಗಿ ಅಂದ್ರ ಯಾಕಾಗವಲ್ದು," ಅಂದರು. "ನಾ ಒಬ್ಬಾಂವ ಹಚ್ಚಿದ್ರ ಏನಾದೀತು, ಸಣ್ಣ ಮೋಟರ್ ನಂದು," ಅಂದರು. "ಹೊಲಕ್ಕ ಹೋದಾಗ ಬಂದ್ ಮಾಡ್ತೀನಿ ತಗೋ," ಅಂದರು. ಕೆಲವರು ಕುಬಸದ ಊಟಕ್ಕೆ ಅಲ್ಲೇ ಒಳಗೆ ಪಂಕ್ತಿಯಲ್ಲಿ ಕೂತಿದ್ದರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಉಂಡು ಏಳುವುದೇ ತಡ ಹೋಗುತ್ತೇವೆ ಎಂದರು. ಮಡಿವಾಳಪ್ಪ ತನ್ನ ಮೋಟರನ್ನು ಮಾತ್ರ ತಾನೇ ಓಡಿಹೋಗಿ ಬಂದ್ ಮಾಡಿ ಬಂದ.

ಪಂಕ್ತಿ ಮುಗಿಯುವ ಮೊದಲೇ ಪಡಸಾಲೆಯ ದೀಪ ಕೆಂಪಗೆ ಕುಗ್ಗಿತು.

ಫ್ಯಾನು ಒಮ್ಮೆ ಎಳೆದಾಡಿ ಮತ್ತೆ ತಿರುಗಿತು. ದೀಪ ಮತ್ತೆ ಬೆಳಗಿತು. ಫ್ರಿಜ್ಜು ಗುರುಗುಟ್ಟಿತು. ಪೆಟಗಿಯ ಗುಂಯ್‌ಗುಡುವಿಕೆ ಮಾತ್ರ ನಿಂತೇ ಇತ್ತು. ಅದು ಹಾಡಲಿಲ್ಲ. ಹಾಡುವುದಕ್ಕೂ ಕರೆಂಟು ಬೇಕು.

ಪೆಟಗಿಯ ಬಗಲಿಗೆ ಒಂದು ಕೈಪಂಪಿನ ಹಿಡಿ ಇರುತ್ತದೆ. ಮಹಾನಂದಾ ಅದನ್ನು ಹಿಡಿದು ಒತ್ತತೊಡಗಿದಳು. ಈಗ ಯಾರೂ ಕೇಳುವ ಮೊದಲೇ ಶಿವಲೀಲಾ ಫೋನಿನಲ್ಲಿ ಹೂಂ ಅಂದಳು, ಹುಬ್ಬಳ್ಳಿಯಿಂದ ಗಾಡಿ ಹೊರಟಿತು. ಮಹಾನಂದಾಳ ಕೈ ಸೋತಾಗ ಶಿವಲೀಲಾ ಹಿಡಿದಳು, ಶಿವಲೀಲಾ ಸೋತಾಗ ಬಾಳವ್ವ. ಆಮೇಲೆ ಮುಂಜಾನೆ ಹಾಡಿದ ಹೆಂಗಸರೆಲ್ಲ ಸಾಲಾಗಿ, ಊಟದ ಎಂಜಲು ಕೈ ತೊಳೆದುಕೊಂಡು ಬಂದು, ಒಬ್ಬರಾದ ಮೇಲೊಬ್ಬರು ಒತ್ತಿದರು. ಹಸಿರು ಬಳೆಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕೈಪಂಪು ನೆತ್ತರನ್ನು ತಿರುಗಿಸಬಲ್ಲದು. ಅದಕ್ಕೆ ಆಮ್ಲಜನಕ ಬೆರೆಸುವುದು ಅದರ ಕೈಲಾಗದ ಕೆಲಸ. ಅದು ಮಹಾನಂದಾಳಿಗೆ ಮೊದಲ ಒತ್ತಿನಲ್ಲೇ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಗಾಡಿ ಬರುವವರೆಗೂ ಒತ್ತಿದರು. ಗಾಡಿಯಿಂದಿಳಿದ ನರ್ಸು ಬಂದು, ನೋಡಿ, ಬಾಳವ್ವನ ಕೈಯನ್ನು ಹಿಡಿಯಿಂದ ಮೆಲ್ಲಗೆ ಬಿಡಿಸಿದಳು.

ವಿಚಾರಣೆ ನಡೆಯಿತು. ಯಂತ್ರವನ್ನು ಬಿಚ್ಚಿದರು. ಫ್ಯೂಸು ನೆಟ್ಟಗಿತ್ತು. ನೀಲಿ ಬಿಲ್ಲೆಗೆ ಒಂದು ಕಲೆಯೂ ಇರಲಿಲ್ಲ. ಕೆಪಾಸಿಟರಿನ ತಲೆ ಮಾತ್ರ ಉಬ್ಬಿ ಬಿರಿದಿತ್ತು. 'ಒಳಬರುವ ವಿದ್ಯುತ್ತಿನಿಂದ ರಕ್ಷಣೆ ಸಮರ್ಪಕ. ಗಾಳಿಯಾಡುವ ಜಾಲರಿ ಮುಚ್ಚಬಾರದೆಂಬ ಸೂಚನೆಯನ್ನು ಬಳಕೆದಾರರು ಪಾಲಿಸಿಲ್ಲ' ಎಂದು ವರದಿ ಬಂತು.

ಮಹಾನಂದಾ ಸಭೆಯಲ್ಲಿ, ಜೋಗುಳ ತೆಗೆದು ಹಳೆಯ ಕಿರ್ರ್ ಸದ್ದನ್ನೇ ಹಾಕಬೇಕೆಂದು ಕೇಳಿದಳು.

"ಮೇಡಂ, ನನಗೂ ತುಂಬಾ ಬೇಜಾರಾಗಿದೆ," ಅಂದಳು ಹರ್ಷಿಣಿ. ಅವಳ ದನಿಯಲ್ಲಿ ನಟನೆ ಇರಲಿಲ್ಲ. "ಆದರೆ ಜನಕ್ಕೆ ಇಡೀ ಯಂತ್ರದಲ್ಲಿ ತುಂಬಾ ಇಷ್ಟವಾಗಿರೋದೇ ಆ ಜೋಗುಳ. ತೆಗೆದ್ರೆ ಮತ್ತೆ ದಿಂಬು ಒತ್ತತಾರೆ."

ಕಟ್ಟಿಯವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಮಹಾನಂದಾ, ಜನಾ ಸೀರಿ ಉಡಸೂದು ಬಿಡೂದಿಲ್ಲ. ಕೈಪಿಡಿ ಓದೂದಿಲ್ಲ. ಬದಲಾಗೂದು ಏನಿದ್ರೂ ಪೆಟಗೀನ. ನೂರಿಪ್ಪತ್ತೈದು ಡಿಗ್ರಿ ತಡಿಯೂ ಕೆಪಾಸಿಟರ್ ನೋಡು. ಸೀರಿ ಉಡಿಸಿದ್ರೂ ನಡೀಬೇಕು, ಅಂಥಾ ಮಾದರಿ ಮಾಡೋಣ."

ಹಾಗೆ ಸೀರೆ ತಾಳುವ ಮಾದರಿಯ ಕೆಲಸ ಶುರುವಾಯಿತು. ಅದರ ಪ್ರಚಾರಚಿತ್ರಕ್ಕೆಂದು ಕಂಪನಿ ಒಂದು ಹಸಿರು ಸೀರೆಯನ್ನೂ ಆರಿಸಿತು.

ಮಲಪ್ರಭೆಯ ದಂಡೆಯ ಆ ಊರಿನಲ್ಲಿ ವರದಿಯನ್ನು ಯಾರೂ ಓದಲಿಲ್ಲ. ಬಾಳವ್ವನ ಬಳಿ ಅವಳದೇ ಒಂದು ವರದಿ ಇತ್ತು, ಬಂದವರಿಗೆಲ್ಲ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: "ಪೆಟಗಿ ಚಲೋತ್ನಾಗ ಹಾಡಾಕ್ಹತ್ತಿತ್ತು. ಈಕಿ ಬಂದ್ಲು, ಸೀರಿ ಸೆಳದ್ಲು, ನಿಂತ್ತು." ಇದರಲ್ಲಿ ಸುಳ್ಳು ಒಂದು ಶಬ್ದವೂ ಇಲ್ಲ.

ಶಿವಲೀಲಾ ಹಲವು ತಿಂಗಳು ಫೋನು ಮಾಡಲಿಲ್ಲ. ಮಾಡಿದ ದಿನ ಮಹಾನಂದಾ ಪ್ರಯೋಗಶಾಲೆಯಲ್ಲಿದ್ದಳು. ಕಾವಿನ ಕೋಣೆಯ ಗಾಜಿನಾಚೆ ಹೊಸ ಮಾದರಿಯ ಪೆಟಗಿ, ಖಾಲಿ ಹೊಟ್ಟೆಯಲ್ಲಿ, ಸೀರೆಯುಟ್ಟು ಬೇಯುತ್ತಿತ್ತು. ಜೋಗುಳ ಹಾಡುತ್ತಿತ್ತು. ದಿನವೂ ಕೇಳಿ ಕೇಳಿ ರೂಢಿಯಾಗಿ, ಅಳತೆ ಬರೆದುಕೊಳ್ಳುವ ಇಬ್ಬರು ತಂತ್ರಜ್ಞರು ತಮಗೆ ಗೊತ್ತಿಲ್ಲದೆಯೇ ಅದರ ಜೊತೆ ಗುನುಗುತ್ತಿದ್ದರು.

"ಅಕ್ಕಾ, ಒಂದ್ ಕೇಳ್ತೀನಿ, ಖರೇ ಹೇಳು. ಅದು ಹಾಡಾಕ್ಹತ್ತಿದ್ದಾಗ ಒಳಗ ಕೂಸಿಗೆ ಸೆಕಿ ಆಗಿತ್ತೇನು?"

"ಇಲ್ಲವಾ. ಒಳಗ ಹದಾನ ಇತ್ತು. ಕೂಸಿಗೆ ಏನೂ ಗೊತ್ತಾಗಿಲ್ಲ. ಸೆಕಿ ಆಗಿದ್ದು ಕಂಡೆನ್ಸರಿಗೆ ಅಷ್ಟ."

"ಮತ್ತ ಹಾಡಿದ್ದ್ಯಾಕ?"

ಮಹಾನಂದಾ ಗಾಜಿನಾಚೆ ನೋಡಿದಳು. ಹಾಡು ಎರಡನೆಯ ಚರಣಕ್ಕೆ ಬಂದಿತ್ತು.

"ಸೀರಿ ತಗೀರಿ, ಸೀರಿ ತಗೀರಿ ಅನ್ನಾಕ್ಹತ್ತಿತ್ತು ಶಿವೀ."

ಶಿವಲೀಲಾ, ಸಿಟ್ಟಿಲ್ಲದೆ, ಲೆಕ್ಕ ತಪ್ಪಿದ್ದೆಲ್ಲಿ ಎಂದು ಈಗಷ್ಟೇ ತಿಳಿದವಳಂತೆ ಅಂದಳು:

"ಹಂಗ ಅಂದಿದ್ರ ತಗೀತಿದ್ವಲ್ಲ, ಅಕ್ಕಾ."